ಬಿಸಿಲೂರಿನ ಅಂಗಳಕ್ಕೆ ಲಾವಂಚ: ಮೂರು ತಿಂಗಳ ಆರೈಕೆ, ಆಮೇಲೆ ನಿಶ್ಚಿಂತೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರು ಅಂಗಳಕ್ಕೆ ಮೊದಲು ಹಾಕಿಸುವುದು ಹುಲ್ಲುಹಾಸು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರುಗಳಲ್ಲಿ ಅದನ್ನು ಹಸಿರಾಗಿಡಲು ನೀರು ಸುರಿಯುತ್ತಲೇ ಇರಬೇಕು. ಕುಡಿಯುವ ನೀರಿಗೇ ಪಾಳಿ ಹಚ್ಚುವ ದಿನಗಳಲ್ಲಿ ಇದು ನನಗೆ ಸರಿ ಕಾಣುವುದಿಲ್ಲ. ಅಂಗಳ ಹಸಿರಾಗಿರಬೇಕು ಎನ್ನುವವರು ಲಾವಂಚ ನೆಡಲಿ. ಆಳೆತ್ತರ ಬೆಳೆದು, ತುದಿಯಲ್ಲಿ ಬಾಗಿ ತೂಗುವ ಇದರ ಪೊದೆ ಕಾಂಪೌಂಡಿಗೂ ಗೇಟಿನ ಬದಿಗೂ ಚೆಂದ. ಬೇರುಗಳು ಪಕ್ಕಕ್ಕೆ ಹಬ್ಬುವುದು ಕಡಿಮೆ. ಮಣ್ಣು ಸಡಿಲವಿದ್ದರೆ ನೇರವಾಗಿ 3 ಮೀಟರ್‌ವರೆಗೂ ಇಳಿಯುತ್ತವೆ. ಮೇಲ್ಮಣ್ಣು ಕಾದು ಒಣಗಿದರೂ ಗಿಡ ತಡೆದುಕೊಳ್ಳುವುದು ಆ ಆಳದ ತೇವದಿಂದ.

ಸಸಿ ಆರಿಸುವಾಗ

ನರ್ಸರಿಗಳಲ್ಲಿ ನೇರಳೆ ತೆನೆಯ ಫೌಂಟೇನ್ ಗ್ರಾಸ್ ಕೂಡ ಸಿಗುತ್ತದೆ. ನೋಡಲು ಸೊಗಸು, ಆದರೆ ಈ ಜಾತಿಯ ಹುಲ್ಲಿನಲ್ಲಿ ಬೀಜ ಗಾಳಿಗೆ ಹಾರಿ ಕಳೆಯಾಗುವಂಥವು ಇವೆ. ಹವಾಯಿ ದ್ವೀಪಗಳಲ್ಲಿ ಅದು ದೊಡ್ಡ ಪೀಡೆಯಾಗಿದೆ. ದಕ್ಷಿಣ ಭಾರತದ ಲಾವಂಚದಲ್ಲಿ ಮೊಳೆಯುವ ಬೀಜ ಕಟ್ಟುವುದೇ ಅಪರೂಪ; ಪಕ್ಕದ ಹೊಲಕ್ಕೆ ಹಬ್ಬುವ ಭಯವಿಲ್ಲ. ಹಾಗಾಗಿ ಇದನ್ನು ಬೆಳೆಸುವುದು ಬುಡ ಸೀಳಿದ ತುಂಡುಗಳಿಂದ. ಬೀಜದ ಪೊಟ್ಟಣ ಯಾರಾದರೂ ಕೊಟ್ಟರೆ ಕೊಳ್ಳಬೇಡಿ.

ಪರಿಚಯದವರಲ್ಲಿ ಬಲಿತ ಪೊದೆ ಇದ್ದರೆ ಖರ್ಚೇ ಇಲ್ಲ. ಎಲೆಗಳನ್ನು ಮೊದಲು ಮೊಣಕಾಲೆತ್ತರಕ್ಕೆ ಕತ್ತರಿಸಿ, ಹಾರೆಯಿಂದ ಬುಡ ಎಬ್ಬಿಸಿ, ಮಣ್ಣು ಕೊಡವಿ. ಪೊದೆಯ ನಡುಭಾಗ ಹಳತಾಗಿ ಕಂದಿರುತ್ತದೆ, ಒತ್ತಿದರೆ ಟೊಳ್ಳು, ಅದನ್ನು ಬಿಟ್ಟುಬಿಡಿ. ಅಂಚಿನ ಮರಿಗಳೇ ಬೇಕು. ಬುಡ ಗಟ್ಟಿಯಾಗಿ, ತಿಳಿಹಸಿರು-ಬಿಳಿ ಬಣ್ಣದಲ್ಲಿದ್ದು, ಬೇರು ಮುರಿದರೆ ಲಾವಂಚದ ಪರಿಮಳ ಬೆರಳಿಗೆ ಹತ್ತಬೇಕು. ಎರಡು-ಮೂರು ಮರಿಗಳ ಗುಂಪನ್ನು ಕೈಯಿಂದಲೇ ಸೀಳಿಕೊಳ್ಳಬಹುದು. ಎಲೆಯನ್ನು ಒಂದು ಗೇಣಿಗೆ, ಬೇರನ್ನು ನಾಲ್ಕು ಬೆರಳಷ್ಟಕ್ಕೆ ಕತ್ತರಿಸಿ. ಉದ್ದ ಬೇರು ಉಳಿಸಿಕೊಂಡರೆ ಗುಂಡಿಯಲ್ಲಿ ಮಡಚಿಕೊಳ್ಳುತ್ತದೆ, ಅಷ್ಟೇ. ಸೆಗಣಿ ಕಲಸಿದ ನೀರಿನಲ್ಲಿ ಒಂದು ರಾತ್ರಿ ಬುಡ ನೆನೆಸಿಟ್ಟು ಮರುದಿನ ನೆಡಬೇಕು.

ನೆಡುವುದು

ಮುಂಗಾರಿನ ಒಂದೆರಡು ಹದ ಮಳೆಯಾದ ಮೇಲಿನ ಸಮಯ ಎಲ್ಲಕ್ಕಿಂತ ಒಳ್ಳೆಯದು. ಈ ಭಾಗದಲ್ಲಿ ಸೆಪ್ಟೆಂಬರ್ ಮಳೆಯೂ ಕೈಹಿಡಿಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಮಾತ್ರ ಬೇಡವೇ ಬೇಡ.

ಜಾಗಕ್ಕೆ ದಿನವಿಡೀ ಬಿಸಿಲು ಬೀಳಬೇಕು. ಬೇವಿನ ಮರದ ನೆರಳಿನಲ್ಲಿ ಲಾವಂಚ ಸೊರಗುತ್ತದೆ. ಬಿಡಿ ಬಿಡಿ ಪೊದೆಗಳಾಗಿ ಕಾಣಬೇಕಿದ್ದರೆ ಮೂರು ಅಡಿಗೊಂದು, ಬೇಲಿಯಂತೆ ಕೂಡಿಕೊಳ್ಳಬೇಕಿದ್ದರೆ ಅರ್ಧ ಅಡಿಗೊಂದು ಗುಂಪು ಹಾಕಿ. ಮಸಾರಿ ಮಣ್ಣಿನಲ್ಲಿ ಗುಂಡಿಗೆ ಒಂದೆರಡು ಬೊಗಸೆ ಕೊಳೆತ ಕೊಟ್ಟಿಗೆ ಗೊಬ್ಬರ ಸಾಕು. ಎರೆ ಮಣ್ಣಿನಲ್ಲಿ ಎಚ್ಚರ ಬೇಕು: ಮಳೆಗೆ ಕೆಸರಾಗಿ ನೀರು ನಿಂತರೆ ಎಳೆಯ ಬುಡ ಕೊಳೆಯುತ್ತದೆ, ಬೇಸಿಗೆಗೆ ಬಿರುಕು ಬಿಟ್ಟರೆ ಎಳೆಯ ಬೇರು ಹರಿಯುತ್ತದೆ. ಅರ್ಧ ಅಡಿ ಏರುಮಡಿ ಮಾಡಿ ನೆಟ್ಟು, ಬುಡದ ಸುತ್ತ ಒಣ ಹುಲ್ಲು ಹೊದಿಸಿದರೆ ಎರಡಕ್ಕೂ ಪರಿಹಾರ.

ಗಂಗಾವತಿ, ಸಿಂಧನೂರಿನ ಕಾಲುವೆ ಬಯಲಿನಲ್ಲಿ ಸವಳು ನೆಲ ಸಾಮಾನ್ಯ. ಮಲ್ಲಿಗೆ ಒಲ್ಲದ ಮಣ್ಣಿನಲ್ಲೂ ಬಲಿತ ಲಾವಂಚ ನಿಲ್ಲುತ್ತದೆ. ಎಳೆಯ ಸಸಿಗೆ ಆ ತಾಳಿಕೆ ಇರುವುದಿಲ್ಲ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಮೊದಲ ಕೆಲವು ವಾರ ಸಿಹಿನೀರನ್ನೇ ಹಾಕಿ.

ಮೊದಲ ಮೂರು ತಿಂಗಳು

ನೆಟ್ಟ ವಾರದಲ್ಲಿ ಕತ್ತರಿಸಿದ ಎಲೆಗಳು ಹಳದಿಯಾಗುತ್ತವೆ. ಸತ್ತಿತೆಂದು ಬಹಳ ಜನ ಕಿತ್ತೆಸೆಯುತ್ತಾರೆ, ದಯವಿಟ್ಟು ಕೀಳಬೇಡಿ. ಎರಡು-ಮೂರು ವಾರ ಕಾದರೆ ನಡುವಿನಿಂದ ಸೂಜಿಯಷ್ಟು ಸಪೂರದ ಹಸಿರು ಸುಳಿ ಮೇಲೇಳುತ್ತದೆ. ಮಳೆ ಇಲ್ಲದಿದ್ದರೆ ಮೊದಲ ತಿಂಗಳು ಎರಡು-ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ನೀರು. ಕಳೆ ತೆಗೆಯುತ್ತಿರಿ, ಎಳೆಯದರಲ್ಲಿ ಇದು ಕರಿಕೆಯ ಪೈಪೋಟಿಗೆ ಸೋಲುತ್ತದೆ. ಅಲ್ಲಿಂದಾಚೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬುಡ ನೆನೆದರೆ ನಡೆಯುತ್ತದೆ. ವರ್ಷಕ್ಕೊಮ್ಮೆ ಒಂದು ಬುಟ್ಟಿ ಗೊಬ್ಬರ, ರಾಸಾಯನಿಕ ಏನೂ ಬೇಡ.

ಕತ್ತರಿಸುವುದು

ತಪ್ಪಿಸಬಾರದ ಕೆಲಸ ಇದೊಂದೇ. ಮುಂಗಾರಿಗೆ ಮುಂಚೆ ಒಮ್ಮೆ, ಚಳಿ ಮುಗಿಯುವಾಗ ಒಮ್ಮೆ, ನೆಲದಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಿ. ಬಿಟ್ಟರೆ ಒಣ ಎಲೆ ಒಳಗೇ ತುಂಬಿ ಗೆದ್ದಲು ಸೇರುತ್ತದೆ, ಬೇಸಿಗೆಯಲ್ಲಿ ಬೀಡಿಯ ಕಿಡಿ ಬಿದ್ದರೂ ಹೊತ್ತಿಕೊಳ್ಳುತ್ತದೆ. ಎಲೆಯ ಅಂಚು ಹರಿತ, ಆದ್ದರಿಂದ ತುಂಬುತೋಳಿನ ಅಂಗಿ, ಕೈಗವಸು ಇರಲಿ. ಎಳೆಯ ಎಲೆಯನ್ನು ದನಗಳು ತಿನ್ನುತ್ತವೆ, ಬಲಿತದ್ದನ್ನು ಬೇರೆ ಗಿಡಗಳ ಬುಡಕ್ಕೆ ಹೊದಿಸಿ.

ಬೇರಿನ ಆಸೆಯಿದ್ದವರು ಒಂದೂವರೆ ವರ್ಷ ಕಾಯಬೇಕು. ಬೇರಿಗಾಗಿ ಅಗೆದರೆ ಆ ಪೊದೆ ಹೋದಂತೆಯೇ. ಅದಕ್ಕೆಂದೇ ಹಿತ್ತಲಲ್ಲಿ ಒಂದೆರಡು ಪೊದೆ ಬೇರೆ ನೆಟ್ಟುಕೊಳ್ಳಿ. ಅಗೆದ ಬೇರನ್ನು ಚೆನ್ನಾಗಿ ತೊಳೆದು, ನೆರಳಿನಲ್ಲಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಕುಡಿಯುವ ನೀರಿನ ಮಡಕೆಗೆ ಹಾಕಬಹುದು. ಸೀಳಿದ ಮರಿಗಳನ್ನು ಎಸೆಯದೆ ಅದೇ ಗುಂಡಿಗೆ ಮತ್ತೆ ನೆಡಿ, ಮಿಕ್ಕಿದ್ದನ್ನು ನೆರೆಮನೆಗೆ ಕೊಡಿ.