ಎಡಗೈಯ ಹಿಡಿಕೆ: ಹಳೆಯ ಗ್ಲೈಡರ್ ಒಂದರ ಜೊತೆ ನನ್ನ ಅನುಭವ

ಫೆಬ್ರವರಿಯ ಒಂದು ಶನಿವಾರ ನಾವು ಮೂವರು ಕ್ಲಬ್ಬಿನ ಕಾರ್ಯಾಗಾರದಲ್ಲಿ ಇಡೀ ಮಧ್ಯಾಹ್ನ ಒಂದೇ ಕೆಲಸ ಮಾಡಿದೆವು. ಒಬ್ಬರು ಗ್ಲೈಡರಿನ ಕಾಕ್‌ಪಿಟ್ಟಿನಲ್ಲಿ ಕುಳಿತು ಫ್ಲ್ಯಾಪಿನ, ಅಂದರೆ ರೆಕ್ಕೆಯ ಹಿಂದಂಚಿನ ಬಾಗುವ ಪಟ್ಟಿಯ, ಹಿಡಿಕೆಯನ್ನು ಅಲುಗದಂತೆ ಹಿಡಿದಿದ್ದರು. ಇನ್ನೊಬ್ಬರು ಬಲ ರೆಕ್ಕೆಯ ಹಿಂದೆ ನಿಂತು ಫ್ಲ್ಯಾಪಿನ ಅಂಚನ್ನು ಎರಡು ಬೆರಳಿನಿಂದ ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿದ್ದರು. ನಾನು ರೆಕ್ಕೆಗಳ ನಡುವಿನ ಗೂಡಿನೊಳಗೆ ಕೈ ತೂರಿಸಿ, ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ಕಾಯುತ್ತಿದ್ದೆ. ಹಿಡಿಕೆ ನಿಂತಲ್ಲೇ ನಿಂತಿದ್ದರೂ ಫ್ಲ್ಯಾಪಿನ ಅಂಚು ಒಂದಿಷ್ಟು ಅಲುಗುತ್ತಿತ್ತು. ಹುಬ್ಬಳ್ಳಿಯಲ್ಲಿ ಲೇತ್ ನಡೆಸುತ್ತಿದ್ದ ನಮ್ಮ ಅಪ್ಪ ಇದಕ್ಕೆ ಒಂದೇ ಮಾತು ಹೇಳುತ್ತಿದ್ದರು: ‘ಪ್ಲೇ ಬಂದಿದೆ,’ ಅಂದರೆ ಕೀಲು ಸಡಿಲವಾಗಿದೆ. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಸಿಗುತ್ತದೆ ಎಂದು ಕಲಿಸಿದವರೂ ಅವರೇ. ಕೀಲಿನ ಎರಡು ಭಾಗಗಳಿಗೂ ತಾಗುವಂತೆ ಬೆರಳಿಟ್ಟರೆ, ಒಂದು ಭಾಗ ಕದಲಿ ಇನ್ನೊಂದು ಕದಲದ ಆ ಕ್ಷಣ ಚರ್ಮಕ್ಕೆ ತಿಳಿಯುತ್ತದೆ.

ಈ ಗ್ಲೈಡರ್ ಎಎಸ್‌ಡಬ್ಲ್ಯೂ 20. ನಾನೂ ನನ್ನ ಪಾಲುದಾರರೂ ಅರ್ಧರ್ಧ ಹಣ ಹಾಕಿ ಕೊಂಡದ್ದು. ತಯಾರಾದದ್ದು 1979ರಲ್ಲಿ, ಅಂದರೆ ನನಗಿಂತ ಅದು ಎರಡು ವರ್ಷ ದೊಡ್ಡದು. ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದ ಬುಡದಲ್ಲಿರುವ ಪೊಪ್ಪೆನ್‌ಹೌಸನ್ ಊರಿನ ಅಲೆಕ್ಸಾಂಡರ್ ಶ್ಲೈಖರ್ ಕಾರ್ಖಾನೆಯಲ್ಲಿ ಗೆರ್ಹಾರ್ಡ್ ವೈಬೆಲ್ ಇದನ್ನು ವಿನ್ಯಾಸಗೊಳಿಸಿದರು. ಮೊದಲ ಹಾರಾಟ 1977ರ ಜನವರಿಯಲ್ಲಿ. ಹೆಸರಿನಲ್ಲಿರುವ ‘ಡಬ್ಲ್ಯೂ’ ವೈಬೆಲ್ ಅವರದೇ. ರೆಕ್ಕೆಯ ತುದಿಯಿಂದ ತುದಿಗೆ 15 ಮೀಟರ್. ಒಂದು ಕಿಲೋಮೀಟರ್ ಎತ್ತರವಿದ್ದರೆ, ಗಾಳಿ ಶಾಂತವಾಗಿದ್ದರೆ, 40 ಕಿಲೋಮೀಟರಿಗೂ ಮೀರಿ ಜಾರಿಕೊಂಡು ಹೋಗುತ್ತದೆ. ಎಂಜಿನ್ ಇಲ್ಲ.

ಅದರ ರೆಕ್ಕೆಯ ಅಡ್ಡಸೀಳಿಗೆ ಎಫ್‌ಎಕ್ಸ್ 62-ಕೆ-131 ಎಂದು ಹೆಸರು. ಅದನ್ನು ರೂಪಿಸಿದವರು ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಎಫ್. ಎಕ್ಸ್. ವೋರ್ಟ್‌ಮನ್. ನಾನು ಕೆಲಸಕ್ಕೆಂದು ಬಂದು ನೆಲೆಸಿದ್ದು ಅದೇ ಊರಿನಲ್ಲಿ ಎಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ‘ಕೆ’ ಎಂದರೆ ಜರ್ಮನ್ ಭಾಷೆಯ ‘ಕ್ಲಾಪ್ಪೆ’, ಅಂದರೆ ಫ್ಲ್ಯಾಪ್. ರೆಕ್ಕೆಯ ಹಿಂದಂಚನ್ನು ಕೆಳಕ್ಕೆ ಬಾಗಿಸಿದರೆ ಅದು ನಿಧಾನ ಹಾರಾಟದ ರೆಕ್ಕೆ. ಮೇಲಕ್ಕೆ ಎತ್ತಿದರೆ ವೇಗದ ರೆಕ್ಕೆ. ಒಂದೇ ಗ್ಲೈಡರಿಗೆ ಹಲವು ರೆಕ್ಕೆಗಳಿದ್ದಂತೆ, ಆದರೆ ಅವುಗಳಲ್ಲಿ ಯಾವುದು ಯಾವಾಗ ಬೇಕು ಎಂದು ಹೇಳಬೇಕಾದವನು ಪೈಲಟ್. ಅದಕ್ಕೇ ಎಡಗೈಯ ಬಳಿ ಆ ಹಿಡಿಕೆ.

ಫ್ಲ್ಯಾಪ್ ಇಲ್ಲದ ಗ್ಲೈಡರಿನಿಂದ ಇದಕ್ಕೆ ಬಂದಾಗ ನನ್ನನ್ನು ಹೆಚ್ಚು ಕಾಡಿದ್ದು ಟೇಕಾಫ್. ಎಳೆಯುವ ವಿಮಾನ ಹೊರಟ ಮೊದಲ ಕೆಲವು ಸೆಕೆಂಡು ಗ್ಲೈಡರಿನ ವೇಗ ತೀರಾ ಕಡಿಮೆ, ಒಂದು ರೆಕ್ಕೆ ನೆಲಕ್ಕೆ ತಾಗಿದರೆ ಗ್ಲೈಡರ್ ಗಿರ್ರನೆ ತಿರುಗಿಬಿಡಬಹುದು. ಇದರಲ್ಲಿ ಐಲೆರಾನ್‌ಗಳೂ, ಅಂದರೆ ಗ್ಲೈಡರನ್ನು ಎಡಬಲಕ್ಕೆ ವಾಲಿಸುವ ರೆಕ್ಕೆತುದಿಯ ಪಟ್ಟಿಗಳೂ, ಫ್ಲ್ಯಾಪಿನ ಜೊತೆಗೇ ಏರಿಳಿಯುತ್ತವೆ. ಆದ್ದರಿಂದ ಫ್ಲ್ಯಾಪನ್ನು ಮೇಲಕ್ಕೆತ್ತಿ ಹೊರಟರೆ ಐಲೆರಾನ್‌ಗಳಿಗೆ ಹಿಡಿತ ಬೇಗ ಸಿಗುತ್ತದೆ, ರೆಕ್ಕೆ ಸಮವಾಗಿ ನಿಲ್ಲುತ್ತದೆ. ವೇಗ ಬಂದಂತೆ ಹಿಡಿಕೆಯನ್ನು ಹಿಂದಕ್ಕೆ ತಂದು, ಫ್ಲ್ಯಾಪ್ ಸ್ವಲ್ಪ ಕೆಳಕ್ಕೆ ಬಾಗುವ 4ನೇ ಸ್ಥಾನದಲ್ಲಿ ಕೂರಿಸಬೇಕು, ಆಗ ನೆಲ ಬಿಡುತ್ತದೆ. ಆದರೆ ಅಪಾಯ ಬಂದರೆ ಹಗ್ಗ ಕಳಚುವ ಹಳದಿ ಗುಂಡಿಯೂ ಎಡಗೈಗೇ ಸೇರಿದ್ದು. ಒಂದು ಕೈಗೆ ಎರಡು ಕೆಲಸ. ಮೊದಲ ವರ್ಷ ನಾನು ಪ್ರತಿ ಹಾರಾಟಕ್ಕೂ ಮುನ್ನ, ಗ್ಲೈಡರ್ ನಿಂತಿರುವಾಗಲೇ, ಕಣ್ಣು ಮುಚ್ಚಿ ಗುಂಡಿಯಿಂದ ಹಿಡಿಕೆಗೆ, ಹಿಡಿಕೆಯಿಂದ ಗುಂಡಿಗೆ ಕೈ ಒಯ್ದು ಅಭ್ಯಾಸ ಮಾಡುತ್ತಿದ್ದೆ. ಇವತ್ತಿಗೂ ಚಳಿಗಾಲದ ಬಿಡುವಿನ ನಂತರದ ಮೊದಲ ದಿನ ಹಾಗೆಯೇ ಮಾಡುತ್ತೇನೆ.

ಮೇಲೆ ಹೋದ ಮೇಲೆ ಆ ಹಿಡಿಕೆ ಸಂತೋಷದ ವಸ್ತು. ಏರುಗಾಳಿಯಲ್ಲಿ ಸುತ್ತುವಾಗ 4ನೇ ಸ್ಥಾನ, ಗಂಟೆಗೆ 90 ಕಿಲೋಮೀಟರ್ ಆಸುಪಾಸು. ಮೋಡದ ಬುಡ ಮುಟ್ಟಿ ಮುಂದಿನ ಮೋಡಕ್ಕೆ ಹೊರಟಾಗ ಮೂಗು ತಗ್ಗಿಸುತ್ತಾ ಹಿಡಿಕೆಯನ್ನು ಮುಂದಕ್ಕೆ ಒಯ್ಯುತ್ತೇನೆ: 3, ಆಮೇಲೆ 2, ಇನ್ನೂ ವೇಗ ಬೇಕಿದ್ದರೆ 1. ಸರಿಯಾದ ಸ್ಥಾನಕ್ಕೆ ಬಂದಾಗ ಗ್ಲೈಡರಿನ ಸದ್ದು ಬದಲಾಗುತ್ತದೆ, ಬಾಲ ನೆಟ್ಟಗಾಗುತ್ತದೆ, ಯಾರೋ ಬ್ರೇಕು ಬಿಟ್ಟಂತೆ ಅನಿಸುತ್ತದೆ. ವಾಯವ್ಯದ ಗಾಳಿ ಗುಡ್ಡಕ್ಕೆ ಬಡಿದು ಮೇಲೇಳುವ ದಿನ ಸ್ವಾಬಿಯನ್ ಆಲ್ಬ್ ಗುಡ್ಡಸಾಲಿನ ಅಂಚನ್ನು ಹಿಡಿದು, ಟೆಕ್ ಕೋಟೆಯನ್ನು ಬದಿಗೆ ಬಿಟ್ಟು, ಒಂದು ಸುತ್ತೂ ಹಾಕದೆ ನೇರವಾಗಿ ಸಾಗುವಾಗ ಈ 2ನೇ ಸ್ಥಾನದ ಬೆಲೆ ತಿಳಿಯುತ್ತದೆ.

ಇಳಿಯುವ ಸ್ಥಾನದ ವಿಷಯ ಬೇರೆ. ಅದರಲ್ಲಿ ಫ್ಲ್ಯಾಪ್ ತುಂಬ ಕೆಳಕ್ಕೆ ಬಾಗುತ್ತದೆ. ನಮ್ಮ ಹಳೆಯ ಮಾದರಿಯಲ್ಲಿ 50 ಡಿಗ್ರಿಗೂ ಹೆಚ್ಚು. ಐಲೆರಾನ್‌ಗಳು ಮಾತ್ರ ಜೊತೆಗೆ ಬಾಗದೆ ಮೇಲೆ ಉಳಿಯುತ್ತವೆ, ಇಲ್ಲದಿದ್ದರೆ ನಿಧಾನದಲ್ಲಿ ಅವು ಕೆಲಸ ಮಾಡಲಾರವು. ರೆಕ್ಕೆಯ ಮೇಲೆ ಎದ್ದು ನಿಂತು ಗಾಳಿಗೆ ತಡೆಯೊಡ್ಡುವ ಏರ್‌ಬ್ರೇಕನ್ನೂ ಪೂರ್ತಿ ತೆರೆದರೆ ಗ್ಲೈಡರ್ ಎಷ್ಟು ಕಡಿದಾಗಿ ಇಳಿಯುತ್ತದೆ ಎಂದರೆ, ಮೊದಲ ಬಾರಿ ಗಾಜಿನ ತುಂಬ ಬರೀ ನೆಲವೇ ಕಂಡು ನಾನು ಮೂಗೆತ್ತಲು ನಿಯಂತ್ರಣದ ಕೋಲನ್ನು ಹಿಂದಕ್ಕೆಳೆಯಲು ಹೋದೆ. ಹಾಗೆ ಮಾಡಬಾರದು. ಮೂಗು ಕೆಳಗಿದ್ದರೇ ವೇಗ ಉಳಿಯುವುದು, ವೇಗ ಇದ್ದರೇ ಕೊನೆಗೆ ಅದನ್ನು ನೆಲಕ್ಕೆ ಸಮವಾಗಿಸಲು ಸಾಧ್ಯ. ಇನ್ನೊಂದು ನಿಯಮವನ್ನು ನಾನು ಯಾರಿಗಾದರೂ ಗದರಿಯಾದರೂ ಹೇಳುತ್ತೇನೆ: ನೆಲದ ಬಳಿ ಬಂದ ಮೇಲೆ, ಮೈದಾನ ಸಿಗುವುದಿಲ್ಲ ಎಂದು ಹೆದರಿ ಆ ಫ್ಲ್ಯಾಪನ್ನು ಹಿಂತೆಗೆಯಬಾರದು. ಬೇಕಿದ್ದರೆ ಏರ್‌ಬ್ರೇಕ್ ಮುಚ್ಚಿ. ಫ್ಲ್ಯಾಪ್ ತೆಗೆದ ಕ್ಷಣ ರೆಕ್ಕೆಯ ಎತ್ತುವ ಶಕ್ತಿ ಕುಸಿಯುತ್ತದೆ. ಇದನ್ನು ನಂಬಲು ನಾನು 800 ಮೀಟರ್ ಎತ್ತರದಲ್ಲಿ, ಇಳಿಯುವ ವೇಗದಲ್ಲಿ, ಬೇಕೆಂದೇ ಮಾಡಿ ನೋಡಿದೆ. ಹೊಟ್ಟೆ ಬಾಯಿಗೆ ಬಂದಂತಾಗಿ, ಎತ್ತರಮಾಪಕದ ಮುಳ್ಳು ಹತ್ತಾರು ಮೀಟರ್ ಕೆಳಗೆ ಹೋಗಿ ನಿಂತಿತು. ಮರಗಳ ಮೇಲೆ 30 ಮೀಟರಿನಲ್ಲಿ ಅಷ್ಟು ಜಾಗ ಇರುವುದಿಲ್ಲ.

ಆ ಫೆಬ್ರವರಿಗೆ ಮರಳುತ್ತೇನೆ. ಪ್ಲೇ ಸಿಕ್ಕಿದ್ದು ನಾವು ಮೊದಲು ಅನುಮಾನಿಸಿದ ಕಡೆ ಅಲ್ಲ, ಹಿಡಿಕೆಯ ಚಲನೆಯನ್ನು ಫ್ಲ್ಯಾಪಿಗೆ ಒಯ್ಯುವ ತಳ್ಳುಕೋಲಿನ ತುದಿಯ ಒಂದು ಗುಂಡು ಬೇರಿಂಗಿನಲ್ಲಿ. ಎಷ್ಟು ಸಡಿಲ ಸಹಿಸಬಹುದೆಂದು ನಿರ್ವಹಣಾ ಕೈಪಿಡಿಯಲ್ಲಿ ಮಿತಿ ಕೊಟ್ಟಿರುತ್ತಾರೆ, ನಮ್ಮದು ಆ ಅಂಚಿಗೆ ಬಂದಿತ್ತು. ಸಡಿಲವಾದ ಫ್ಲ್ಯಾಪ್ ವೇಗ ಹೆಚ್ಚಾದಾಗ ತಾನಾಗಿ ನಡುಗಲು ತೊಡಗಬಹುದು. ಫ್ಲಟರ್ ಎನ್ನುವ ಆ ನಡುಕಕ್ಕೆ ರೆಕ್ಕೆಯನ್ನೇ ಮುರಿಯುವ ಬಲವಿದೆ. ಹಾಗಾಗಿ ಇನ್ನೊಂದು ಋತು ಹೇಗೋ ನಡೆದೀತು ಎಂಬ ಮಾತು ನಮ್ಮಲ್ಲಿ ಬರಲೇ ಇಲ್ಲ.

ಹಳೆಯ ಬೇರಿಂಗನ್ನು ತಿರುಪಿ ಬಿಚ್ಚುವಾಗ ನಾನು ಸುತ್ತುಗಳನ್ನು ಎಣಿಸಿ ಬರೆದಿಟ್ಟಿದ್ದೆ, ಹೊಸದನ್ನು ಅಷ್ಟೇ ಸುತ್ತು ತಿರುಪಿದೆ. ಕೆಲಸಕ್ಕೆ ಸಹಿ ಹಾಕಬೇಕಾದ ಪರೀಕ್ಷಕರು, ಎಪ್ಪತ್ತು ದಾಟಿದ ಹಿರಿಯರು, ಬಂದು ನೋಡಿ, ‘ಸುತ್ತು ಎಣಿಸಿದ್ದೀರಿ, ಒಳ್ಳೆಯದು. ಕೋನ ಎಲ್ಲಿ?’ ಎಂದರು. ಪ್ರತಿ ಸ್ಥಾನದಲ್ಲಿ ಎಡಬಲ ಎರಡನ್ನೂ ಅಳೆದಾಗ ಬಲಗಡೆ ಸುಮಾರು ಒಂದು ಡಿಗ್ರಿ ಹೆಚ್ಚು ಬಾಗುತ್ತಿತ್ತು. ಹೊಸ ಬೇರಿಂಗಿನ ಮೈ ಹಳೆಯದಕ್ಕಿಂತ ಕೂದಲೆಳೆಯಷ್ಟು ಉದ್ದ. ಹಾಗೆಯೇ ಹಾರಿದ್ದರೆ ನಿಧಾನದಲ್ಲಿ ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲು ಬೀಳುತ್ತಿತ್ತು. ಮತ್ತೆರಡು ಸಂಜೆ ಕೂತು ಸರಿಪಡಿಸಿದೆವು. ಅವರು ಸಹಿ ಹಾಕಿದ್ದು ಮೂರನೆಯ ಭೇಟಿಯಲ್ಲಿ.

ಗ್ಲೈಡರನ್ನು ಟ್ರೇಲರಿನಿಂದ ತೆಗೆದು ಜೋಡಿಸುವಾಗಲೂ ಇಂಥದೇ ಎಚ್ಚರ ಬೇಕು. ಹೊಸ ಗ್ಲೈಡರುಗಳಲ್ಲಿ ರೆಕ್ಕೆ ಕೂರಿಸಿದರೆ ನಿಯಂತ್ರಣಗಳು ತಾವಾಗಿ ಸೇರಿಕೊಳ್ಳುತ್ತವೆ. ನಮ್ಮದರಲ್ಲಿ ಐಲೆರಾನ್, ಫ್ಲ್ಯಾಪ್, ಏರ್‌ಬ್ರೇಕ್ ಎಲ್ಲವನ್ನೂ ಲೊಟೆಲಿಯೆ ಎಂಬ ಗುಂಡು-ಬಟ್ಟಲಿನ ಕೊಂಡಿಗಳಿಂದ ಕೈಯಾರೆ ಸೇರಿಸಬೇಕು. ಬಟ್ಟಲು ಗುಂಡಿನ ಮೇಲೆ ಕೂತು, ಒಳಗಿನ ಬೆಣೆ ಪೂರ್ತಿ ಜಾರಿದಾಗ ಅದರಲ್ಲಿ ಒಂದು ಸಣ್ಣ ತೂತು ಕಾಣುತ್ತದೆ. ಅದರಲ್ಲಿ ಪಿನ್ನು ಹೋಗಬೇಕು. ಒಂದು ಬೆಳಗ್ಗೆ, ಒಳ್ಳೆಯ ಮೋಡಗಳು ಹುಟ್ಟುತ್ತಿದ್ದ ಹೊತ್ತಿನಲ್ಲಿ, ಎಡ ಐಲೆರಾನಿನ ಕೊಂಡಿ ಕೂತಂತೆಯೇ ಇತ್ತು, ಎಳೆದರೂ ಬರಲಿಲ್ಲ, ಆದರೆ ಪಿನ್ನು ಹೋಗಲಿಲ್ಲ. ಬಿಚ್ಚಿ ನೋಡಿದರೆ ಬೆಣೆಯಲ್ಲಿ ಹಳೆಯ ಗ್ರೀಸು ಗಟ್ಟಿಯಾಗಿತ್ತು. ಕೊಂಡಿಗಳು ಸೇರದೆಯೇ ಹಾರಿ ಸತ್ತವರಿದ್ದಾರೆ. ಅದಕ್ಕೇ ಪಿನ್ನಿನ ನಂತರವೂ ಒಬ್ಬರು ಹೊರಗೆ ಐಲೆರಾನ್, ಫ್ಲ್ಯಾಪುಗಳನ್ನು ಕೈಯಿಂದ ಒತ್ತಿ ಹಿಡಿಯಬೇಕು, ಒಳಗಿನವರು ಅದಕ್ಕೆ ಎದುರಾಗಿ ಕೋಲನ್ನೂ ಹಿಡಿಕೆಯನ್ನೂ ತಳ್ಳಬೇಕು. ಈ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಲು ಬಂದರೆ ನಾನು ಉತ್ತರ ಕೊಡುವುದಿಲ್ಲ. ಮಾತು ಬಂದರೆ ಮೊದಲಿನಿಂದ ಶುರು.

ಮೈಯ ಆರೈಕೆ ನಿಧಾನದ ಕೆಲಸ. ಫೈಬರ್‌ಗ್ಲಾಸಿನ ಮೇಲಿನ ಜೆಲ್‌ಕೋಟ್ ಎಂಬ ನುಣುಪು ಹೊರಪದರ ಬಿಸಿಲಿಗೂ ಎತ್ತರದ ಚಳಿಗೂ ಸಿಕ್ಕಿ ಬಿರುಕು ಬಿಡುತ್ತದೆ. ಮೇಣ ತಿಕ್ಕಿದರೆ, ತೇವ ಒರೆಸಿಟ್ಟರೆ, ಹಾರದಾಗ ಮುಚ್ಚಿಟ್ಟರೆ ಬಿರುಕಿನ ದಿನವನ್ನು ಮುಂದೂಡಬಹುದು. ಎಲ್ಲ ಗ್ಲೈಡರುಗಳೂ ಬಿಳಿಯೇಕೆ ಎಂದು ಊರಿಗೆ ಹೋದಾಗ ಕೇಳುತ್ತಾರೆ. ಒಳಗಿನ ಅಂಟುರಾಳ ಬಿಸಿಲಲ್ಲಿ ಕಾದರೆ ಮೆತ್ತಗಾಗುತ್ತದೆ, 54 ಡಿಗ್ರಿ ಸೆಲ್ಸಿಯಸ್ ಅದರ ಗಡಿ. ಫ್ಲ್ಯಾಪಿಗೆ ಹೊಸದಾಗಿ ಬಣ್ಣ ಬಳಿದರೆ ಅದನ್ನು ಕಳಚಿ ತೂಗಿ, ಸಮತೋಲ ನೋಡಲೇಬೇಕು, ಕೆಲವು ಗ್ರಾಂ ಬಣ್ಣವೂ ಫ್ಲಟರಿನ ಲೆಕ್ಕ ಬದಲಿಸುತ್ತದೆ. 3000 ಗಂಟೆ ಹಾರಾಟದ ದೊಡ್ಡ ತಪಾಸಣೆಯನ್ನು ನಮ್ಮದು ನಮ್ಮ ಕೈಗೆ ಬರುವ ಮೊದಲೇ ದಾಟಿತ್ತು. ಅದರ ಕಾಗದಗಳನ್ನು ನಾನು ಪಾಸ್‌ಪೋರ್ಟಿನ ಜೊತೆ ಇಟ್ಟಿದ್ದೇನೆ.

ಕಳೆದ ಆಗಸ್ಟಿನಲ್ಲಿ ಏರುಗಾಳಿ ಬೇಗ ಸತ್ತು, ಗೋಧಿ ಕೊಯ್ದ ಹೊಲವೊಂದರಲ್ಲಿ ಇಳಿದೆ. ಹೊಲದ ತಲೆಯಲ್ಲಿ ವಿದ್ಯುತ್ ತಂತಿ ಇತ್ತು. ತಂತಿ ದಾಟಿ, ಏರ್‌ಬ್ರೇಕ್ ಪೂರ್ತಿ ತೆರೆದು, ಆ ಕಡಿದಾದ ದಾರಿಯಲ್ಲಿ ಬಂದು ಕೂಳೆಯ ಮೇಲೆ ನಿಂತಾಗ ಮುಂದೆ ಅರ್ಧ ಹೊಲ ಉಳಿದಿತ್ತು. ಪಾಲುದಾರರು ಟ್ರೇಲರ್ ತರುವವರೆಗೆ ಫ್ಲ್ಯಾಪಿನ ಸೀಳಿಗೆ ಅಂಟಿಸಿದ ಟೇಪನ್ನು ಬೆರಳಿನಿಂದ ಸವರುತ್ತಾ ಹೋದೆ. ಬಲಗಡೆ, ತುದಿಯಿಂದ ಒಂದು ಗೇಣು ಎದ್ದಿತ್ತು. ಹೊಸ ಸುರುಳಿ ತಂದಿಟ್ಟಿದ್ದೇನೆ, ಈ ಚಳಿಗಾಲ ಅದನ್ನು ಬದಲಿಸಬೇಕು.