ಹೋಟೆಲ್ ಊಟಕ್ಕೆ ಐರಿಶ್ ರೆಡ್ ಏಲ್: ಕೇಳಬೇಕಾದ್ದು, ಕಾಯಬೇಕಾದ್ದು

ಐರ್ಲೆಂಡ್ ಶೈಲಿಯ ಬಿಯರ್ ಆದ ಐರಿಶ್ ರೆಡ್ ಏಲ್‌ನ ಕೆಂಪು ಬರುವುದು ಹುರಿದ ಬಾರ್ಲಿಯಿಂದ. ತಿಳಿಬಣ್ಣದ ಮಾಲ್ಟ್‌ಗೆ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಕಪ್ಪಗೆ ಹುರಿದ ಬಾರ್ಲಿಯನ್ನು ನೂರಕ್ಕೆ ಎರಡು ಮೂರು ಪಾಲು ಬೆರೆಸಿದರೆ ಸಾಕು, ಬೆಳಕಿಗೆ ಹಿಡಿದಾಗ ತಾಮ್ರದ ಕೆಂಪು ಕಾಣುತ್ತದೆ. ಮೊದಲ ಗುಟುಕಿಗೆ ಕ್ಯಾರಮೆಲ್, ಟೋಸ್ಟ್. ನುಂಗಿದ ಮೇಲೆ ಅದೇ ಬಾರ್ಲಿಯ ದೆಸೆಯಿಂದ ಬಾಯಿ ಸ್ವಲ್ಪ ಒಣಗುತ್ತದೆ. ಊಟಕ್ಕೆ ಒದಗುವುದು ಈ ಒಣಗುವ ಗುಣವೇ; ನಾಲಿಗೆಯ ಜಿಡ್ಡು ಕಳೆದು ಮುಂದಿನ ತುತ್ತಿಗೆ ಜಾಗ ಮಾಡುತ್ತದೆ. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 4ರಿಂದ 5, ಕಹಿಯೂ ಮಿತವೇ.

ಮೆನುವಿನಲ್ಲಿ ಬರೀ ‘ರೆಡ್’ ಅಂತಿದ್ದರೆ ಏಲೋ (ಬೆಚ್ಚಗೆ ಹುದುಗಿಸಿದ್ದು) ಲಾಗರೋ (ತಣ್ಣಗೆ ಹುದುಗಿಸಿದ್ದು) ಕೇಳಿ. ಕಿಲಿಯನ್ಸ್ ಐರಿಶ್ ರೆಡ್ ಹೆಸರಿಗೆ ಐರಿಶ್, ಅಮೆರಿಕದಲ್ಲಿ ತಯಾರಾಗುವ ಲಾಗರ್. ಅಮೆರಿಕನ್ ರೆಡ್ ಏಲ್‌ಗಳಲ್ಲಿ ಬಿಯರ್‌ಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವು ಜೋರು, ಊಟದ ರುಚಿಯನ್ನೇ ಮುಚ್ಚಿಬಿಡಬಹುದು. ಐರ್ಲೆಂಡಿನ ಕಿಲ್ಕೆನ್ನಿ ಊರಿನಲ್ಲಿ ಹುಟ್ಟಿದ, 1710ನ್ನು ತನ್ನ ಆರಂಭದ ವರ್ಷವೆಂದು ಹೇಳಿಕೊಳ್ಳುವ ಸ್ಮಿಡಿಕ್ಸ್ ಸಿಕ್ಕರೆ ಅದರಿಂದಲೇ ಶುರುಮಾಡಿ. (Smithwick's ಎಂಬ ಸ್ಪೆಲ್ಲಿಂಗ್‌ನಲ್ಲಿರುವ ಡಬ್ಲ್ಯೂ ಅಕ್ಷರವನ್ನು ಉಚ್ಚರಿಸುವ ಹಾಗಿಲ್ಲ.) ‘ಕಿಲ್ಕೆನ್ನಿ’ ಎಂದೇ ಮಾರುವ ಬಿಯರ್ ನೈಟ್ರೋಜನ್ ತುಂಬಿದ್ದು, ಕೆನೆಯಂಥ ನೊರೆ; ಸುರಿದಾಗ ಏಳುವ ಗುಳ್ಳೆಗಳ ಅಲೆ ಪೂರ್ತಿ ನಿಂತು ನೊರೆ ಬೇರೆಯಾಗುವವರೆಗೆ ಮುಟ್ಟಬೇಡಿ.

ಮೊದಲ ಸಲ ಅರ್ಧ ಪೈಂಟ್ ಹೇಳಿ, ಅಂದರೆ ಸುಮಾರು 284 ಎಂಎಲ್. ಫ್ರೀಜರ್‌ನಲ್ಲಿಟ್ಟ, ಮಂಜು ಕಟ್ಟಿದ ಗ್ಲಾಸ್ ತಂದರೆ ಬೇಡವೆಂದು ಸಾದಾ ಗ್ಲಾಸ್ ಕೇಳಿ. ಈ ಬಿಯರ್‌ಗೆ 7ರಿಂದ 10 ಡಿಗ್ರಿ ಸೆಲ್ಸಿಯಸ್ ಹದ. ಅದಕ್ಕಿಂತ ತಣ್ಣಗಿದ್ದರೆ ಮಾಲ್ಟ್ ಅಡಗಿ ಕೂತು, ನೀರು ಬೆರೆಸಿದ ಹಾಗೆ ಅನಿಸುತ್ತದೆ. ‘ಏನಿದು, ಸಪ್ಪೆ’ ಎಂದು ಬದಿಗಿಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಫ್ರಿಜ್‌ನಿಂದ ನೇರ ಬಂದ ಬಾಟಲಿಯಾದರೆ ಗ್ಲಾಸಿಗೆ ಸುರಿದು ಹತ್ತು ನಿಮಿಷ ಬಿಡಿ.

ತಿಂಡಿಯಲ್ಲಿ ಹುಡುಕಬೇಕಾದದ್ದು ಕಂದು ಬಣ್ಣ. ಮಾಂಸದ ಸುಟ್ಟ ಅಂಚು, ಕಂದುಬಣ್ಣಕ್ಕೆ ತಿರುಗಿದ ಈರುಳ್ಳಿ, ಬಾಣಲೆಯಲ್ಲಿ ನೀರಾರಿಸಿ ಹುರಿದ ಅಣಬೆ, ಓವನ್‌ನಲ್ಲಿ ಗರಿಗರಿಯಾದ ಆಲೂಗೆಡ್ಡೆ. ರೋಸ್ಟ್‌ನ ಅಂಚಿನ ಒಂದು ಚೂರು ಬಾಯಿಗಿಟ್ಟು ಅಗಿಯಿರಿ, ನುಂಗುವ ಮುನ್ನ ಸಣ್ಣ ಗುಟುಕು ಹೀರಿ. ಸುಟ್ಟ ರುಚಿ ಕ್ಯಾರಮೆಲ್ ಜೊತೆ ಬೆರೆತು, ಕೊನೆಗೆ ಕೊಬ್ಬು ಮಾತ್ರ ಮಾಯವಾಗುತ್ತದೆ. ಹಳೆಯ ಚೆಡ್ಡರ್ ಚೀಸ್‌ಗೂ ಇದೇ ಕ್ರಮ. ಮಾಂಸ ತಿನ್ನದವರಿಗೆ ಅಣಬೆ, ಚೀಸ್ ಎರಡೇ ಸಾಕು.

ಹೊಂದದವೂ ಇವೆ. ಖಾರ ಹೆಚ್ಚಿರುವ ಪದಾರ್ಥಕ್ಕೆ ಗ್ಯಾಸ್ ಮತ್ತು ಆಲ್ಕೋಹಾಲ್ ಸೇರಿದರೆ ಉರಿ ಇನ್ನೂ ಏರುತ್ತದೆ. ನಿಂಬೆ ಹಿಂಡಿದ ಮೀನಿನ ನವಿರು ರುಚಿ ಮಾಲ್ಟ್‌ನಡಿ ಹೂತುಹೋಗುತ್ತದೆ. ಸಿಹಿ ತಿಂದ ಮೇಲೆ ಕುಡಿದರೆ ಬಿಯರ್ ತೆಳ್ಳಗೆ, ಕಹಿಯಾಗಿ ಹತ್ತುತ್ತದೆ. ಡೆಸರ್ಟ್ ಬರುವ ಮುಂಚೆಯೇ ಗ್ಲಾಸ್ ಮುಗಿಸಿ.

ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ. ವಿನೆಗರ್ ಹುಳಿ ಬಂದರೆ ಸಾಮಾನ್ಯವಾಗಿ ಟ್ಯಾಪ್‌ನ ಪೈಪ್ ಕೊಳಕಾಗಿದೆ. ಒದ್ದೆ ರಟ್ಟಿನ ವಾಸನೆ ಎಂದರೆ ಸರಕು ಹಳತು. ಬೆಣ್ಣೆಯ ರುಚಿ ತುಸುವೇ ಇದ್ದರೆ ಈ ಶೈಲಿಯಲ್ಲಿ ತಪ್ಪಲ್ಲ. ಬೆಣ್ಣೆಯೇ ಮುಂದಾಗಿ ನಿಂತರೆ ದೋಷ. ಎರಡನೇ ಗುಟುಕಿಗೇ ಹೇಳಿ ಬದಲಾಯಿಸಿಕೊಳ್ಳಿ, ಅರ್ಧ ಕುಡಿದ ಗ್ಲಾಸನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.