ಮಂಜೇಶ್ವರದಿಂದ ವಿಧಾನಸಭೆಗೆ: ನಾಮಪತ್ರ ಸಲ್ಲಿಸುವವರು ತಿಳಿದಿರಬೇಕಾದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರ ಗೆಲುವಿನ ಅಂತರ 89 ಮತ, 2021ರದ್ದು 745. ಇಂಥ ಕ್ಷೇತ್ರದಲ್ಲಿ ಎದುರಾಳಿಯ ಕಡೆಯವರು ನಿಮ್ಮ ಕಾಗದಪತ್ರದ ಒಂದೊಂದು ಸಾಲನ್ನೂ ಓದುತ್ತಾರೆ. ಶಾಸಕರಾಗಬೇಕೆಂದಿರುವವರು ಭಾಷಣಕ್ಕಿಂತ ಮೊದಲು ಕಡತ ಸರಿಮಾಡಿಕೊಳ್ಳಬೇಕು.

ಮೊದಲು ಮತದಾರರ ಪಟ್ಟಿ ನೋಡಿ. ವಯಸ್ಸು 25 ತುಂಬಿರಬೇಕು, ಹೆಸರು ಕೇರಳದ ಯಾವುದಾದರೊಂದು ಕ್ಷೇತ್ರದ ಪಟ್ಟಿಯಲ್ಲಿರಬೇಕು. ಕೆಲಸಕ್ಕೆಂದು ಮಂಗಳೂರಿಗೆ ಹೋಗಿ ಅಲ್ಲಿಗೇ ಮತ ವರ್ಗಾಯಿಸಿಕೊಂಡವರು ಇಲ್ಲಿ ಸ್ಪರ್ಧಿಸುವಂತಿಲ್ಲ. ಬದಿಯಡ್ಕದವರು ಮಂಜೇಶ್ವರದಲ್ಲಿ ನಿಲ್ಲಬಹುದು. ಆದರೆ ಬದಿಯಡ್ಕ ಕಾಸರಗೋಡು ಕ್ಷೇತ್ರಕ್ಕೆ ಸೇರಿದ್ದರಿಂದ ಆ ಪಟ್ಟಿಯ ದೃಢೀಕೃತ ಪ್ರತಿ ಜೊತೆಗಿರಬೇಕು. ಸೂಚಕರು (ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು) ಮಾತ್ರ ಮಂಜೇಶ್ವರ ಕ್ಷೇತ್ರದ ಮತದಾರರೇ ಆಗಿರಬೇಕು, ಅಂದರೆ ಪೈವಳಿಕೆ, ಮೀಂಜ, ವರ್ಕಾಡಿ, ಎಣ್ಮಕಜೆ, ಪುತ್ತಿಗೆ, ಕುಂಬಳೆ, ಮಂಗಲ್ಪಾಡಿ ಅಥವಾ ಮಂಜೇಶ್ವರದವರು. ಮಾನ್ಯತೆ ಪಡೆದ ಪಕ್ಷಕ್ಕೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ 10 ಮಂದಿ ಬೇಕು. ಹತ್ತರಲ್ಲಿ ಒಬ್ಬರ ಕ್ರಮಸಂಖ್ಯೆ ತಪ್ಪಿದರೂ ಪರಿಶೀಲನೆಯ ದಿನ ತಕರಾರು ಬರುತ್ತದೆ. ಆದ್ದರಿಂದ ಭಾಗಸಂಖ್ಯೆ, ಕ್ರಮಸಂಖ್ಯೆಗಳನ್ನು ಹೊಸ ಪಟ್ಟಿಯಿಂದಲೇ ಬರೆದುಕೊಳ್ಳಿ. ನಾಲ್ಕು ಸೆಟ್‌ವರೆಗೆ ನಾಮಪತ್ರ ಕೊಡಬಹುದು. ಬೇರೆ ಬೇರೆ ಸೂಚಕರಿಂದ ಎರಡು ಸೆಟ್ ಆದರೂ ಕೊಡುವುದು ಜಾಣತನ.

ಗಡಿನಾಡಿನಲ್ಲಿ ಹೆಸರಿನ ತೊಡಕು ಹೆಚ್ಚು. ಶಾಲೆಯ ದಾಖಲೆ ಕನ್ನಡದಲ್ಲಿ, ಭೂದಾಖಲೆ ಮಲಯಾಳದಲ್ಲಿ, ಪಾನ್ ಕಾರ್ಡ್ ಇಂಗ್ಲಿಷಿನಲ್ಲಿ. ಮೂರರಲ್ಲೂ ಇನಿಶಿಯಲ್ ಬೇರೆ ಬೇರೆ ಇರುವುದು ಸಾಮಾನ್ಯ. ಪಟ್ಟಿಯ ಕಾಗುಣಿತ ದೋಷವೊಂದರಿಂದಲೇ ನಾಮಪತ್ರ ಬೀಳುವುದಿಲ್ಲ, ಕಾನೂನು ಅದಕ್ಕೆ ರಕ್ಷಣೆ ಕೊಟ್ಟಿದೆ. ಆದರೂ ಹೆಸರನ್ನು ಸರಿಯಾಗಿ ಬರೆದಿದ್ದೇನೆಂಬ ಘೋಷಣೆಗೆ ನೀವೇ ಸಹಿ ಹಾಕುತ್ತೀರಿ. ಅದೇ ಹೆಸರಿನ ಇನ್ನೊಬ್ಬರು ಕಣಕ್ಕಿಳಿದರೆ ಮತಯಂತ್ರದ ಮೇಲಿನ ಫೋಟೋವೇ ಆಸರೆ, ಹಾಗಾಗಿ ಮೂರು ತಿಂಗಳೊಳಗೆ ತೆಗೆದ, ಮುಖ ಸ್ಪಷ್ಟವಾಗಿರುವ ಫೋಟೋ ಕೊಡಿ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ನಾಮಪತ್ರದ ಜೊತೆ ಕೊಡುವ ನಮೂನೆ 26ರ ಅಫಿಡವಿಟ್‌ಗೆ (ಪ್ರಮಾಣಪತ್ರಕ್ಕೆ). ನಿಮ್ಮ, ಸಂಗಾತಿಯ, ಅವಲಂಬಿತರ ಆಸ್ತಿ, ಸಾಲ, ಆದಾಯ ತೆರಿಗೆ, ಕ್ರಿಮಿನಲ್ ಪ್ರಕರಣ ಎಲ್ಲವೂ ಇದರಲ್ಲಿ ಬರುತ್ತವೆ. ಯಾವ ಕಾಲಮನ್ನೂ ಖಾಲಿ ಬಿಡಬೇಡಿ. ಇಲ್ಲದಿದ್ದರೆ 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದು ಬರೆಯಿರಿ. ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಕೂಡುಕುಟುಂಬದ ಅಡಿಕೆ ತೋಟದಲ್ಲಿ ನಿಮ್ಮ ಪಾಲು ಎಷ್ಟೆಂದು ಮೊದಲೇ ಮನೆಯವರೊಂದಿಗೆ ಕೂತು ಲೆಕ್ಕ ಮಾಡಿ. ದಕ್ಷಿಣ ಕನ್ನಡದಲ್ಲಿ ಜಾಗವಿದ್ದರೆ ಅದನ್ನೂ ಸೇರಿಸಿ, ರಾಜ್ಯದ ಗಡಿ ದಾಟಿತೆಂದು ಆಸ್ತಿ ಲೆಕ್ಕದಿಂದ ತಪ್ಪಿಹೋಗುವುದಿಲ್ಲ. ಪ್ರಕರಣ ಬಾಕಿಯಿರುವವರು ಪ್ರಚಾರದ ಅವಧಿಯಲ್ಲಿ ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಸಲ ಅದನ್ನು ಪ್ರಕಟಿಸಬೇಕು.

ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಗೆ 5,000. ಸೋತವರಿಗೆ ಚಲಾವಣೆಯಾದ ಸಿಂಧು ಮತದಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಸಿಗದಿದ್ದರೆ ಅದು ಹೋಗುತ್ತದೆ. ನಾಮಪತ್ರ ಸ್ವೀಕರಿಸುವ ಸಮಯ ಬೆಳಗ್ಗೆ 11ರಿಂದ ಮಧ್ಯಾಹ್ನ 3. ನೀವೇ ಪಕ್ಷದ ಅಧಿಕೃತ ಅಭ್ಯರ್ಥಿ ಎಂದು ತಿಳಿಸುವ ಪಕ್ಷದ ಎ ಮತ್ತು ಬಿ ಫಾರಂ ಕೊನೆಯ ದಿನ 3 ಗಂಟೆಯೊಳಗೆ ತಲುಪಿರಬೇಕು. ತಿರುವನಂತಪುರದಿಂದ ಬರುವ ಕಾಗದಕ್ಕಾಗಿ ಕೊನೆಯ ಗಳಿಗೆವರೆಗೆ ಕಾಯುವುದು ಅಪಾಯ: ಇಷ್ಟು ಉತ್ತರಕ್ಕೆ ತಲುಪಲು ಒಂದು ಪೂರ್ತಿ ರಾತ್ರಿಯ ರೈಲು ಪ್ರಯಾಣ ಬೇಕು. ನಾಮಪತ್ರ ಕೊಟ್ಟ ಕೂಡಲೇ ಚುನಾವಣಾಧಿಕಾರಿಯ ಮುಂದೆ ಅಭ್ಯರ್ಥಿಯಾಗಿ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣವಚನ ಮುಗಿಸಿ. ಪರಿಶೀಲನೆಯ ದಿನ ಮಾಡಿದ ಪ್ರಮಾಣ ಲೆಕ್ಕಕ್ಕಿಲ್ಲ.

ಖರ್ಚಿಗೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲೇ ತೆರೆಯಿರಿ. 2022ರಿಂದ ಕೇರಳದಲ್ಲಿ ಮಿತಿ 40 ಲಕ್ಷ. ಜೀಪು, ಮೈಕ್, ಪೆಂಡಾಲು, ಬ್ಯಾನರ್ ಎಲ್ಲದರ ಬಿಲ್ಲು ಅಂದಂದಿನ ದಿನವೇ ದಾಖಲಾಗಬೇಕು. ಫಲಿತಾಂಶದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು, ಗೆದ್ದವರೂ ಸೋತವರೂ. ಸೋತ ಬೇಸರದಲ್ಲಿ ಇದನ್ನು ಮರೆಯುವವರಿದ್ದಾರೆ. ಸರಿಯಾದ ಕಾರಣವಿಲ್ಲದೆ ತಪ್ಪಿಸಿದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.